ಸುಡಬೇಕಾಗಿದ್ದ ಸೊಪ್ಪು

ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ನನ್ನನ್ನು ನೋಡಲು ಬರುತ್ತಾರೆ. "ಅಜ್ಜೀ, ಬೇಲಿಗಿಡ ಗೆರೆ ಎಳೆದ ಹಾಗೆ ಬರಬೇಕಾದರೆ ಏನು ಮಾಡಬೇಕು?" ಎಂದು ಕೇಳುತ್ತಾರೆ. ಕತ್ತರಿಸಬೇಕು, ಮತ್ತೇನು ಮಾಡಬೇಕು! ಅವರ ಕೈಯಲ್ಲಿ ಗುಂಡಿ ಒತ್ತಿದರೆ ಗುರ್ರೆನ್ನುವ ಮೆಶಿನ್ನು ಇರುತ್ತದೆ. ನಾವು ಇಡೀ ದಿನ ಬಗ್ಗಿ ಮಾಡುತ್ತಿದ್ದ ಕೆಲಸವನ್ನು ಅದು ಬೀಡಿ ಸೇದಿ ಮುಗಿಸುವುದರೊಳಗೆ ಮಾಡಿಬಿಡುತ್ತದೆ. ಸಂತೋಷ. ಆದರೆ ಕತ್ತರಿಸಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ನಾನು ಬರೆಯಲು ಕುಳಿತಿರುವುದು ಅದನ್ನೇ.

ಆಳಾಗಿ ಸೇರಿದ್ದು, ಮಾಲಿಯಾಗಿದ್ದು, ಸರಕಾರದ ನರ್ಸರಿಯಲ್ಲಿ ಮೇಸ್ತ್ರಿ ಎನ್ನಿಸಿಕೊಂಡು ರಿಟೈರ್ ಆಗಿದ್ದು, ಇದನ್ನೆಲ್ಲ ಬರೆದರೆ ನಿಮಗೆ ಆಕಳಿಕೆ ಬರುತ್ತದೆ, ನನಗೂ ಬರುತ್ತದೆ. ಕೆಲಸ ಕಲಿತ ಮೊದಲ ಮನೆಯ ವಿಷಯವಷ್ಟೇ ಹೇಳುತ್ತೇನೆ. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ತವರು ಸೊರಬದ ಹೊಸಬಾಳೆ; ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ನಾನು ರಾಯರ ಮನೆಯ ಗಿಡಗಳಿಗೆ ನೀರು ಹಾಕಲು ಸೇರಿಕೊಂಡೆ.

ರಾಯರು ಘಟ್ಟದ ಕಾಫಿ ತೋಟವೊಂದರಲ್ಲಿ ಬಿಳಿ ದೊರೆಯ ಕೈಕೆಳಗೆ ಮ್ಯಾನೇಜರ್ ಆಗಿದ್ದವರು. ದೊರೆ ತೋಟ ಮಾರಿ ಊರಿಗೆ ಹೋದಮೇಲೆ ಇವರು ಶಿಕಾರಿಪುರದಲ್ಲಿ ಮನೆ ಮಾಡಿದರು. ಬರುವಾಗ ದೊರೆಯ ಬಂಗಲೆಯ ಮುಂದಿದ್ದ ಗಿಡಗಳನ್ನು ಬೇರಿನ ಮಣ್ಣು ಒಡೆಯದಂತೆ ಗೋಣಿತಾಟಿನಲ್ಲಿ ಸುತ್ತಿಸಿ ಲಾರಿಯಲ್ಲಿ ತಂದು, ಮನೆಯ ಮುಂದೆ ಬೇಲಿಯಾಗಿ ನೆಡಿಸಿ, ಒಂದನ್ನು ಬಾವಿ ಹತ್ತಿರ ಬೇರೆಯಾಗಿ ಇಡಿಸಿದ್ದರು. ಬೆರಳಿನ ಉಗುರಿನಷ್ಟು ಎಲೆ, ಒತ್ತಾಗಿ, ಕಡುಹಸಿರು. ಹೂವಿಲ್ಲ, ಹಣ್ಣಿಲ್ಲ, ವಾಸನೆಯಂತೂ ಬೆಕ್ಕು ಒದ್ದೆ ಮಾಡಿದ ಮೂಲೆಯದ್ದು. ಅದರ ಹೆಸರು ಬಾಕ್ಸ್ ಗಿಡ. ಊರವರು ಪೆಟ್ಟಿಗೆ ಗಿಡ ಎನ್ನುತ್ತಿದ್ದರು. ರಾಯರು ಇದರಿಂದ ಎಂಥ ಪೆಟ್ಟಿಗೆ ಮಾಡಿಸುತ್ತಾರೋ ಎಂದು ಬೇಲಿಯಾಚೆ ನಿಂತು ಮಾತಾಡಿಕೊಳ್ಳುತ್ತಿದ್ದರು.

ನಾನೇನು ಕಡಿಮೆ ಬುದ್ಧಿವಂತೆಯೇ! ಸೇರಿದ ಹೊಸದರಲ್ಲಿ ರಾಯರು ಕೈಗೆ ಕತ್ತರಿ ಕೊಟ್ಟು, "ಬಾವಿ ಹತ್ತಿರ ಇರೋ ಬಾಕ್ಸನ್ನ ಒಂದು ಸ್ವಲ್ಪ ಸವರು" ಎಂದು ಹೇಳಿ ಒಳಗೆ ಹೋದರು. ಬಾಕ್ಸ್ ಎಂದಮೇಲೆ ಪೆಟ್ಟಿಗೆಯ ಹಾಗೇ ಇರಬೇಕಲ್ಲ. ಗುಂಡಗಿದ್ದ ಗಿಡವನ್ನು ನಾಲ್ಕೂ ಕಡೆ ಚಪ್ಪಟೆ ಮಾಡಿ, ಮೂಲೆ ಮೂಡಿಸಿ, ತಲೆ ಸಮ ಮಾಡಿ, ಅಪ್ಪಟ ಟ್ರಂಕು ಮಾಡಿಟ್ಟೆ. ಹೊರಗೆ ಬಂದ ರಾಯರು ಎದೆ ಹಿಡಿದುಕೊಂಡರು.

"ಏನು ಮಾಡಿದೀಯೇ ಮಹಾತಾಯಿ! ದೊರೆ ಇಪ್ಪತ್ತು ವರ್ಷ ಬೆಳೆಸಿದ ಗಿಡ ಕಣೇ ಅದು!"

ನಾನು ಅಳುವುದೋ ಓಡುವುದೋ ತಿಳಿಯದೆ ನಿಂತಿದ್ದೆ. ಆಗ ಗೇಟಿನ ಹತ್ತಿರ ಸಾಣೆ ಚಕ್ರ ಇಳಿಸುತ್ತಿದ್ದವರು ಬುಡನ್ ಸಾಬರು. ಕೇರಿ ಕೇರಿ ತಿರುಗಿ ಕತ್ತಿ, ಕತ್ತರಿ, ಕುಡುಗೋಲು ಮಸೆದುಕೊಡುವುದು ಅವರ ಮನೆತನದ ಕಸುಬು. ಅವರು ಒಳಗೆ ಬಂದು ನನ್ನ ಕೈಯಲ್ಲಿದ್ದ ಕತ್ತರಿಯನ್ನು ತಿರುಗಿಸಿ ನೋಡಿದರು.

"ಬೈಬ್ಯಾಡ್ರಿ ರಾಯರೆ. ಕತ್ತರಿ ಮೊಂಡ ಐತೆ, ಆಕೆ ಏನ್ ಮಾಡ್ತಾಳೆ?"

ಮೊಂಡಾಗಿದ್ದದ್ದು ಕತ್ತರಿಯಲ್ಲ, ನನ್ನ ತಲೆ. ಅದು ಅವರಿಗೂ ಗೊತ್ತಿತ್ತು. ಕತ್ತರಿ ಮಸೆದರು. ಹದ ನೋಡಲೆಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಎತ್ತಿ ಗಾಳಿಯಲ್ಲಿ ಒಂದು ಗುಂಡು ಹಿಡಿದರು, ತುಂಬಿದ ಕೊಡವನ್ನು ಹಿಡಿದ ಹಾಗೆ. ಆ ಅಂದಾಜನ್ನು ಕಣ್ಣಲ್ಲಿಟ್ಟುಕೊಂಡು ನಾನು ಬಿಟ್ಟಿದ್ದ ಮೂಲೆಗಳನ್ನು ಚಕಚಕ ಸವರಿದರು. ರಾಯರ ಬಾಯಿ ತಾನಾಗಿ ಮುಚ್ಚಿತು. ಅಂದಿನಿಂದ ಆ ಮನೆಯಲ್ಲಿ ಗಿಡಕ್ಕೆ ಕತ್ತರಿ ಹಾಕುವವರು ಬುಡನ್ ಸಾಬರು, ಹಿಂದೆ ನಿಂತು ಕಲಿಯುವವಳು ನಾನು. ಹೆಂಗಸು ಕತ್ತರಿ ಹಿಡಿದು ಬೇಲಿ ಸವರುತ್ತಾಳೆ ಎಂದು ಬೀದಿಯಲ್ಲಿ ನಗುತ್ತಿದ್ದರು. ನಗಲಿ ಬಿಡಿ, ಹಲ್ಲು ಅವರದು.

ಅವರು ಕಲಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಮೆಶಿನ್ನಿನವರಿಗೂ ಬೇಕಾಗುತ್ತದೆ. ಬೇಲಿಯ ಬುಡ ಅಗಲವಿರಬೇಕು, ತಲೆ ಕಿರಿದಾಗಿರಬೇಕು. ತಲೆ ಅಗಲವಾದರೆ ಕೆಳಗಿನ ಎಲೆಗೆ ಬಿಸಿಲು ಸಿಗದೆ ಬುಡ ಬೋಳಾಗುತ್ತದೆ. ಬೇಸಗೆಯಲ್ಲಿ ಕತ್ತರಿ ಮುಟ್ಟಬಾರದು. ಒಂದು ಸಲ ನೆಂಟರು ಬರುತ್ತಾರೆಂದು ರಾಯರು ಯುಗಾದಿ ಮುಗಿದ ಬಿಸಿಲಲ್ಲೇ ಕತ್ತರಿಸಲು ಹೇಳಿದರು. ಸಾಬರು ಬೇಡವೆಂದರೂ ಕೇಳಲಿಲ್ಲ. ಒಂದೇ ವಾರಕ್ಕೆ ಬೇಲಿಯ ಬಿಸಿಲು ಬೀಳುವ ಮುಖವೆಲ್ಲ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತು. ನೆಂಟರು ಬರಲೂ ಇಲ್ಲ. ಆಮೇಲೆ ನಾವು ಬಿದಿರಿನ ತಟ್ಟಿ ಕಟ್ಟಿ, ಬುಡಕ್ಕೆ ಒಣಹುಲ್ಲು ಹೊದಿಸಿ ಅದನ್ನು ಉಳಿಸಿಕೊಂಡೆವು. ಹೊಸ ಗಿಡ ಬೇಕಾದರೆ ತುಂಡು ಕಡ್ಡಿಯನ್ನು ನೆರಳಲ್ಲಿ ಹೊಳೆಮರಳಿಗೆ ಚುಚ್ಚಿ ಮರೆತುಬಿಡಬೇಕು. ಮುಂದಿನ ಮಳೆಗಾಲಕ್ಕೆ ನೆನಪು ಮಾಡಿಕೊಂಡರೆ ಸಾಕು.

ನಾನು ಕೆಡಿಸಿದ್ದ ಬಾವಿ ಹತ್ತಿರದ ಗಿಡ ಮತ್ತೆ ಪೂರ್ತಿ ಗುಂಡಾಗಲು ವರ್ಷಗಳೇ ಹಿಡಿದವು. ಚಪ್ಪಟೆ ಮಾಡಿದ ಕಡೆಯೆಲ್ಲ ತುಂಬಲು ಚಿಗುರು ಬರಬೇಕಲ್ಲ. ಪ್ರತಿ ಸಲ ಬಂದಾಗಲೂ ಸಾಬರು ಮೊದಲು ಅದರ ಮುಂದೆ ಕೂತು, ಗಾಳಿಯಲ್ಲಿ ಕೈಯಿಂದ ಗುಂಡು ಹಿಡಿದು ನೋಡಿ, ನಾಲ್ಕು ಎಲೆ ತೆಗೆದು ಏಳುತ್ತಿದ್ದರು. ಕೊನೆಗೆ ಅದು ಯಾವ ಕಡೆಯಿಂದ ನೋಡಿದರೂ ಗುಂಡಗೆ ಕಾಣುವಂತಾಯಿತು. ಮಂಡಿಗೆ ಬಂದವರು ದಾರಿ ಬಿಟ್ಟು ಬಂದು ಅದನ್ನು ನೋಡಿಕೊಂಡು ಹೋಗುತ್ತಿದ್ದರು.

ಈಗ ಮುಖ್ಯ ಮಾತು. ಕತ್ತರಿಸಿದ ಸೊಪ್ಪನ್ನು ಒಂದೆಲೆಯೂ ಬಿಡದೆ ಗುಡಿಸಿ ಹಿಂದಿನ ಗುಂಡಿಯಲ್ಲಿ ಸುಡಬೇಕೆಂದು ರಾಯರ ಕಟ್ಟಪ್ಪಣೆ ಇತ್ತು. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಸೊರಬದ ಕಡೆ ಹಸಿ ಸೊಪ್ಪು ಎಂದರೆ ಅನ್ನಕ್ಕೆ ಸಮ. ದನದ ಕೊಟ್ಟಿಗೆಯಲ್ಲಿ ಸೊಪ್ಪು ಹಾಸುತ್ತೇವೆ. ದನ ಅದರ ಮೇಲೆ ಮಲಗಿ ತುಳಿದು ಗೊಬ್ಬರವಾಗುತ್ತದೆ. ಗದ್ದೆ ಬದುಕುವುದು ಆ ಗೊಬ್ಬರದಲ್ಲಿ. ಅದಕ್ಕಾಗಿ ಹೆಂಗಸರು ತಲೆಹೊರೆ ಹೊತ್ತು ಕಾಡು ಸುತ್ತುತ್ತಾರೆ. ಇಲ್ಲಿ ನೋಡಿದರೆ ರಾಶಿ ಸೊಪ್ಪಿಗೆ ಬೆಂಕಿ!

"ಯಾಕೆ ಸುಡಬೇಕು ರಾಯರೇ?" ಎಂದು ಒಂದು ಸಲ ಕೇಳಿಯೇ ಬಿಟ್ಟೆ.

"ಸುಡು ಅಂದರೆ ಸುಡು. ಹೇಳಿದಷ್ಟು ಮಾಡೋದು ಕಲಿ."

ಸಾಬರು ಕೇಳಿದಾಗಲೂ ಇದೇ ಉತ್ತರ. ಅವರಿಗೆ ಕಸ ಕಂಡರಾಗುವುದಿಲ್ಲ, ದೊಡ್ಡವರ ಹುಚ್ಚು, ಎಂದು ನಾವೇ ಒಂದು ಕಾರಣ ಕಟ್ಟಿಕೊಂಡು ಸುಮ್ಮನಾದೆವು.

ಹೀಗಿರುವಾಗ ಒಂದು ವರ್ಷ ನವರಾತ್ರಿ ಕಳೆದು ಮಳೆ ಹಿಂದಾದಮೇಲೆ ಬೇಲಿ ಸವರಿದೆವು. ರಾಯರು ಶಿವಮೊಗ್ಗಕ್ಕೆ ಹೋಗಿದ್ದರು. ಹೊಸಬಾಳೆಯಲ್ಲಿ ನಮ್ಮ ತವರಿನ ಪಕ್ಕದ ಮನೆಯ ಪುಟ್ಟಪ್ಪ ಹೆಂಚು ಒಯ್ಯಲು ಗಾಡಿ ಹೊಡೆದುಕೊಂಡು ಶಿಕಾರಿಪುರಕ್ಕೆ ಬಂದವನು, ಅಮ್ಮ ಕೊಟ್ಟ ಉಪ್ಪಿನಕಾಯಿ ಕೊಡಲು ಗೇಟಿಗೆ ಬಂದ. ಗೇಣಿಗೆ ಗದ್ದೆ ಮಾಡಿಕೊಂಡಿದ್ದ ಒಳ್ಳೆಯ ದುಡಿಮೆಗಾರ. ಅವನ ಜೋಡೆತ್ತು ಎಂದರೆ ಊರಿಗೇ ಮಾತು. ಹೆಂಡತಿಗಿಂತ ಎತ್ತಿನ ಮೈ ಜಾಸ್ತಿ ತೊಳೆಯುತ್ತಾನೆ ಎಂದು ಎಲ್ಲರೂ ಕಾಡಿಸುತ್ತಿದ್ದರು. ಗುಂಡಿಯ ಪಕ್ಕದ ರಾಶಿ ನೋಡಿ ಅವನು ಅಲ್ಲೇ ನಿಂತ.

"ಎಂತ ಗಂಗೂ, ಹಸಿ ಸೊಪ್ಪಿಗೆ ಬೆಂಕಿ ಇಡ್ತೀರಾ? ಕೈಯಾದ್ರೂ ಹೆಂಗೆ ಬರ್ತದೆ ಮಾರಾಯ್ತಿ?"

"ನಮ್ಮ ರಾಯರ ಅಪ್ಪಣೆ ಕಣೋ. ನಾನೇನು ಮಾಡಲಿ?"

"ನನ್ ಗಾಡಿಗಾದ್ರೂ ಹಾಕಿ. ಹೆಂಚಿನ ಅಡಿಗೆ ಮೆತ್ತಗಾಗ್ತದೆ. ಮನೆಗೆ ಹೋದ್ಮೇಲೆ ಕೊಟ್ಟಿಗೆಗೆ ಹಾಸ್ತೆ."

ನಾನು ಸಾಬರ ಮುಖ ನೋಡಿದೆ. ಅವರು ನಕ್ಕರು. "ತಗಂಡು ಹೋಗ್ರಿ ಪುಟ್ಟಪ್ಪ. ಬೂದಿ ಆಗೋ ಬದ್ಲು ನಾಕು ಕಾಳು ಬೆಳೀಲಿ" ಎಂದು ತಾವೇ ತಬ್ಬಿಕೊಂಡು ಹೊತ್ತು ಗಾಡಿ ತುಂಬಿಸಿದರು. ಹುಲ್ಲು, ಸೊಪ್ಪು, ಅದರ ಮೇಲೆ ಹೆಂಚು. ಗಾಡಿ ಒಂದು ಹೆಂಚೂ ಒಡೆಯದೆ ಹೊಸಬಾಳೆ ತಲುಪಿತಂತೆ.

ಸುದ್ದಿ ಬಂದದ್ದು ಮಂಡಿಯಿಂದ, ನನ್ನ ಗಂಡನ ಮೂಲಕ. ಪುಟ್ಟಪ್ಪನ ಎರಡೂ ಎತ್ತು ಸತ್ತುಹೋಗಿವೆ. ಹೆಂಚು ಇಳಿಸಿ ಅಡಿಯಲ್ಲಿದ್ದ ಹುಲ್ಲು ಸೊಪ್ಪು ಎರಡನ್ನೂ ಕೊಟ್ಟಿಗೆಗೆ ಹಾಸಿದ್ದಾನೆ. ಆಮೇಲೆ ತಿಳಿದದ್ದು, ಆ ಎಲೆ ಹಸಿಯಾಗಿದ್ದಾಗ ಕಹಿ, ದನ ಮೂಸಿ ಬಿಡುತ್ತದೆ. ಬಾಡಿ ಹುಲ್ಲಿನೊಳಗೆ ಬೆರೆತಮೇಲೆ ಅದಕ್ಕೆ ತಿಳಿಯುವುದಿಲ್ಲ. ಎತ್ತು ಹುಲ್ಲು ಎಳೆದು ತಿಂದಿವೆ. ಮೊದಲು ಕಿವಿ ಜೋತವು, ಆಮೇಲೆ ಮೈ ನಡುಗಿತು, ಕಾಲು ಮಡಚಿಕೊಂಡವು. ಪುಟ್ಟಪ್ಪ ಎರಡರ ನಡುವೆ ಕೂತು ಒಂದರ ತಲೆ ಬಿಟ್ಟು ಇನ್ನೊಂದರ ತಲೆ ಹಿಡಿಯುತ್ತಿದ್ದನಂತೆ. ಇದೆಲ್ಲ ಬಾಕ್ಸ್ ಸೊಪ್ಪಿನಿಂದ ಆದದ್ದೆಂದು ಆಗ ನನಗೆ ಹೊಳೆಯಲಿಲ್ಲ. ಹಾವು ಕಡಿದಿರಬೇಕು, ಯಾವುದೋ ರೋಗ ಬಂದಿರಬೇಕು ಎಂದುಕೊಂಡು ಅತ್ತೆ.

ಆದರೆ ಹೊಸಬಾಳೆಯವರು ಬೇರೆ ಲೆಕ್ಕ ಹಾಕಿದ್ದರು. ಸೊಪ್ಪು ಕೊಟ್ಟದ್ದು ಯಾರು? ಬುಡನ್ ಸಾಬ. ಯಾವನೋ ಒಬ್ಬ ತೊಗಲಿನ ಮಾತೆತ್ತಿದ. ಎತ್ತಿನ ಚರ್ಮಕ್ಕಾಗಿ ಸೊಪ್ಪಿಗೆ ಮದ್ದು ಹಾಕಿ ಕಳಿಸಿದ್ದಾನೆ ಎಂದ. ಆ ಹಾಳು ನಾಲಗೆ ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಇಲ್ಲಿ ಹೆಸರು ಬರೆಯುತ್ತಿದ್ದೆ.

ಕೊಯ್ಲಿಗೆ ಮುಂಚೆ ಸಾಬರು ಸೊರಬದ ಹಳ್ಳಿಗಳನ್ನೆಲ್ಲ ಸುತ್ತಿ ಕುಡುಗೋಲು ಮಸೆದುಕೊಡುತ್ತಿದ್ದರು. ಆ ತಿರುಗಾಟವೇ ಅವರ ಮನೆಯ ವರ್ಷದ ಅನ್ನ. ಆ ಸಲ ಹೊಸಬಾಳೆಗೆ ಹೋಗಿ ಚಕ್ರ ಇಳಿಸಿ ಎಂದಿನಂತೆ ಕೂಗಿದರೆ ಯಾವ ಮನೆಯಿಂದಲೂ ಒಂದು ಕುಡುಗೋಲು ಹೊರಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರು, ಅಷ್ಟೆ. ಮುಂದಿನ ಹಳ್ಳಿಯಲ್ಲೂ ಹಾಗೆಯೇ. ಅದರ ಮುಂದಿನದಕ್ಕೆ ಅವರು ಹೋಗಲೇ ಇಲ್ಲ, ವಾಪಸು ಬಂದರು.

"ಎತ್ತು ಕೊಂದವ ಅಂತ ಹೆಸರು ಬಂತಲ್ಲ ಗಂಗವ್ವ" ಎಂದರು, ರಾಯರ ಬಾವಿಕಟ್ಟೆಯ ಮೇಲೆ ಕೂತು. "ಹಸಿವು ತಡ್ಕೋಬೋದು. ಇದನ್ನ ಹೆಂಗ್ ತಡ್ಕಳಾದು?"

ನಾವಿಬ್ಬರೂ ರಾಯರ ಹತ್ತಿರ ಹೋದೆವು. ಅವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಸಾಬರು ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದರು. ಎತ್ತು ಸತ್ತವೆಂದು ಹೇಳುವಾಗ ರಾಯರ ಕೈಯಲ್ಲಿದ್ದ ಪೇಪರು ಕೆಳಗಿಳಿಯಿತು.

"ಸುಡು ಅಂತ ಹೇಳಿರಲಿಲ್ವೇ ನಾನು?"

"ಹೇಳಿದ್ರಿ. ಮಾತು ಮೀರಿದ್ದು ತಪ್ಪಾತು. ಆದ್ರೆ ಸೊಪ್ಪಿಂದ ಎತ್ತು ಸಾಯ್ತಾವೇನ್ರೀ? ಗಿಡ ನಿಮ್ದು, ಅದು ಎಂಥಾದು ಅಂತ ನಿಮಗೆ ಗೊತ್ತು. ಊರ ಮುಂದೆ ಬಂದು ಒಂದು ಮಾತು ಹೇಳ್ರಿ, ನನ್ನ ಹೆಸರು ಉಳೀತದೆ."

ರಾಯರು ನಮ್ಮಿಬ್ಬರನ್ನೂ ನೋಡಲಿಲ್ಲ, ಬೇಲಿಯನ್ನು ನೋಡಿದರು. ಆಗಷ್ಟೇ ಸವರಿದ ಬೇಲಿ, ನೇರವಾಗಿ, ಚೆಂದವಾಗಿ ನಿಂತಿತ್ತು. ಆಮೇಲೆ "ಬರ್ತೀನಿ" ಎಂದರು. ಸಾಬರು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಹೊಸಬಾಳೆಯ ಶಾಲೆಯ ಜಗುಲಿಯಲ್ಲಿ ಊರು ಸೇರಿತ್ತು. ಊರ ಯಜಮಾನ ವೀರಪ್ಪನವರು ರಾಯರಿಗೆ ಮೇಷ್ಟರ ಕುರ್ಚಿ ಹಾಕಿಸಿದರು. ಪುಟ್ಟಪ್ಪ ಕಂಬಕ್ಕೆ ಒರಗಿ ಕೂತಿದ್ದ. ಮುಖ ಯಾರದ್ದೋ ಆಗಿಹೋಗಿತ್ತು. ಕೊಟ್ಟಿಗೆಯಲ್ಲಿ ಉಳಿದಿದ್ದ ಸೊಪ್ಪನ್ನು ಒಂದು ಬುಟ್ಟಿಯಲ್ಲಿ ತಂದಿಟ್ಟಿದ್ದರು.

"ರಾಯ್ರೆ, ನೀವು ತಿಳಿದವರು" ಎಂದರು ವೀರಪ್ಪ. "ಈ ಸೊಪ್ಪಲ್ಲಿ ಎಂತಾರೂ ಉಂಟಾ? ಇಲ್ಲ, ಇದಕ್ಕೆ ಯಾರಾರೂ ಎಂತಾರೂ ಬೆರೆಸಿದಾರಾ?"

ರಾಯರು ಗಂಟಲು ಸರಿಮಾಡಿಕೊಂಡರು. "ಅದು ಅಲಂಕಾರದ ಗಿಡ. ದೊರೆಗಳ ಬಂಗಲೆ ಮುಂದೆ ಬೆಳೆಸೋದು. ನಾನು ಎಷ್ಟೋ ವರ್ಷದಿಂದ ಮನೆ ಮುಂದೆ ಇಟ್ಟುಕೊಂಡಿದೀನಿ." ಅಷ್ಟು ಹೇಳಿ ಸುಮ್ಮನಾದರು. ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ಆದರೆ ಸಾಬರ ಮುಖ ಅರಳಿತು. ಅವರು ಅದನ್ನು ತಮ್ಮ ಪರವಾದ ಸಾಕ್ಷಿ ಎಂದುಕೊಂಡರು.

"ಕೇಳಿದ್ರಲ್ರೀ? ರಾಯರೇ ಹೇಳಿದ್ರು. ಇದ್ರಾಗೆ ಏನೂ ಇಲ್ಲ, ನಾನೂ ಏನೂ ಹಾಕಿಲ್ಲ. ಇನ್ನೂ ಅನುಮಾನ ಇದ್ರೆ ನೋಡ್ರಿ!"

ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು. ಕಹಿಗೆ ಮುಖ ಕಿವುಚಿತು. ಆದರೂ ನಗುತ್ತ ನುಂಗಿದರು. ನಾನು ರಾಯರನ್ನು ನೋಡುತ್ತಿದ್ದೆ. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಸಾಬರು ಎರಡನೆಯ ಹಿಡಿ ತೆಗೆದುಕೊಂಡರು. ಅದೂ ಬಾಯಿಗೆ ಹೋಯಿತು. ಆಗ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು.

"ಬುಡನ್, ಉಗಿ! ಉಗಿಯೋ! ವಿಷ ಅದು!"

ಸಾಬರು ಅಗಿಯುವುದನ್ನು ನಿಲ್ಲಿಸಿ ರಾಯರನ್ನೇ ನೋಡಿದರು. ಉಗಿಯಬೇಕೆಂಬುದೂ ಅವರಿಗೆ ಮರೆತಿತ್ತು. ಪುಟ್ಟಪ್ಪನೇ ಮೊದಲು ಎದ್ದು ಓಡಿಬಂದು ಅವರ ಬಾಯಿಗೆ ಬೆರಳು ಹಾಕಿ ಎಳೆದು ತೆಗೆದ. ಯಾರೋ ಅಂಟವಾಳದ ನೀರು ತಂದರು, ಯಾರೋ ಉಪ್ಪುನೀರು ತಂದರು. ಕುಡಿಸಿದರು, ಕಕ್ಕಿಸಿದರು, ಮತ್ತೆ ಕುಡಿಸಿದರು. ಸಂಜೆಯ ಹೊತ್ತಿಗೆ ಮೈ ಸೆಟೆಯಲು ಶುರುವಾಯಿತು. ಆ ಜಗುಲಿಯ ಮೇಲೆ ಪುಟ್ಟಪ್ಪ ಅವರ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ.

"ನಿಮಗೆ ಮೊದ್ಲೇ ಗೊತ್ತಿತ್ತಾ ರಾಯ್ರೆ?" ಎಂದು ಕೇಳಿದರು ವೀರಪ್ಪ.

"ಸುಡು ಅಂತ ಹೇಳಿದ್ದೆನಲ್ಲ" ಎಂದರು ರಾಯರು.

ನಾನು ದೊಡ್ಡ ದೊಡ್ಡ ಸಾಹೇಬರುಗಳ ಕೈಕೆಳಗೆ ದುಡಿದಿದ್ದೇನೆ, ಬೈಗುಳ ತಿಂದಿದ್ದೇನೆ, ಸುಳ್ಳು ಕೇಳಿದ್ದೇನೆ. ಈ ಮಾತಿನಷ್ಟು ಹೊಲಸು ಮಾತನ್ನು ಮತ್ತೆ ಕೇಳಲಿಲ್ಲ. ಯಾಕೆಂದರೆ ಅದು ನಿಜವಾಗಿತ್ತು.

ಸಾಬರು ಬದುಕಿದರು. ಅವರ ಹೆಸರೂ ಬದುಕಿತು. ವೀರಪ್ಪನವರೇ ಶಿಕಾರಿಪುರಕ್ಕೆ ಬಂದು ಊರ ಪರವಾಗಿ ಕೈಮುಗಿದು, ಕುಡುಗೋಲು ಮಸೆಯಲು ಬರಬೇಕೆಂದು ಕರೆದರು. ಆದರೆ ಕೈ ಹೋಗಿತ್ತು. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡರೂ ಎರಡೂ ಕೈ ನಡುಗುತ್ತಿದ್ದವು. ಡಾಕ್ಟರು ವಯಸ್ಸು ಎಂದರು. ನವರಾತ್ರಿ ಕಳೆದಾಗ ಕೂದಲೆಳೆಯಷ್ಟು ಸವರುತ್ತಿದ್ದ ಕೈಗೆ ದೀಪಾವಳಿಯೊಳಗೆ ಅದೆಂಥ ವಯಸ್ಸು ಬಂತೋ! ತಿರುಗುವ ಸಾಣೆಗೆ ನಡುಗುವ ಕೈಯಲ್ಲಿ ಅಲಗು ಹಿಡಿಯಲಾಗುವುದಿಲ್ಲ, ಬೆರಳು ಹೋಗುತ್ತದೆ. ಚಕ್ರಕ್ಕೆ ಗೋಣಿಚೀಲ ಹೊದಿಸಿದರು. ಎತ್ತಿಲ್ಲದ ಪುಟ್ಟಪ್ಪನ ಗೇಣಿ ಗದ್ದೆಯನ್ನು ಆ ಬೇಸಗೆಯಲ್ಲೇ ಒಡೆಯರು ಬೇರೆಯವರಿಗೆ ಕೊಟ್ಟರು. ಹೊಸ ಹೆಂಚಿನ ಮನೆಗೆ ಬೀಗ ಹಾಕಿ ಅವನು ಹೆಂಡತಿಯ ಊರಿಗೆ ಹೋದ.

ಮುಂದಿನ ಮಳೆಗಾಲ ಹಿಂದಾಗುವ ಹೊತ್ತಿಗೆ ರಾಯರು ನನ್ನನ್ನು ಕರೆದು, ಇನ್ನು ಕತ್ತರಿ ನೀನೇ ಹಿಡಿಯಬೇಕು ಎಂದರು. ಒಂದು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ.

"ವಿಷ ಅಂತ ನಮಗೆ ಯಾಕೆ ಹೇಳಲಿಲ್ಲ ರಾಯರೇ?"

ಅವರು ಸಿಟ್ಟಾಗಲಿಲ್ಲ. "ತೋಟದಲ್ಲಿ ದೊರೆಯ ಕುದುರೆ ಇದನ್ನ ತಿಂದು ಸತ್ತಿತ್ತು ಗಂಗಾ. ಅವತ್ತಿಂದ ಸುಡ್ತಿದ್ವಿ. ಇಲ್ಲಿ ಮನೆ ಮನೆಗೂ ದನ. ವಿಷ ಅಂತ ಬಾಯಿಬಿಟ್ಟಿದ್ದರೆ ಒಂದು ಗಿಡ ಉಳಿಸ್ತಿದ್ರಾ? ಬೇರುಸಮೇತ ಕಿತ್ತು ಹಾಕ್ತಿದ್ರು."

ನಾನು ಆಯ್ತು ಎಂದು ತಲೆಯಾಡಿಸಿದೆ. ಅವರು ಮತ್ತೆ ಶಿವಮೊಗ್ಗಕ್ಕೆ ಹೋದ ದಿನ ಕತ್ತರಿ ತೆಗೆದುಕೊಳ್ಳಲಿಲ್ಲ, ಗುದ್ದಲಿ ಮತ್ತು ಕೊಡಲಿ ತೆಗೆದುಕೊಂಡೆ. ಬೇಲಿಯನ್ನು ಒಂದು ತುದಿಯಿಂದ ಅಗೆಯುತ್ತಾ ಬಂದೆ. ಕೊನೆಗೆ ಬಾವಿಯ ಹತ್ತಿರದ ಗುಂಡು ಗಿಡ ಉಳಿಯಿತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಅದರದ್ದೂ ಅದೇ ಎಲೆ, ಅದೇ ವಿಷ. ಕಡಿದೆ. ಎಲ್ಲವನ್ನೂ ಹಿಂದಿನ ಗುಂಡಿಗೆ ಎಳೆದು ಹಾಕಿ ಬೆಂಕಿ ಇಟ್ಟೆ. ಹಸಿ ಎಲೆ ಚಟಪಟ ಸಿಡಿಯುತ್ತಾ ಉರಿಯಿತು.

ಸಂಜೆಯ ಬಸ್ಸಿಗೆ ಬಂದ ರಾಯರು ಗೇಟಿನಲ್ಲೇ ನಿಂತುಬಿಟ್ಟರು.

"ಏನೇ ಇದು? ಏನು ಮಾಡಿದೀಯೇ?"

"ಸುಡು ಅಂತ ನೀವೇ ಹೇಳಿದ್ರಲ್ಲ ರಾಯರೇ."

ಅವರು ಮೆಟ್ಟಿಲ ಮೇಲೆ ಕೂತರು. ನಾನು ಗುದ್ದಲಿ ತೊಳೆದು ಗೋಡೆಗೆ ಒರಗಿಸಿ ಹೊರಟೆ. ಆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ನನಗೆ ಅಂದೂ ಪಶ್ಚಾತ್ತಾಪವಾಗಲಿಲ್ಲ, ಇಂದೂ ಇಲ್ಲ. ಆಮೇಲೆ ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಒಂದು ಕೆಲಸ ಹೇಳಿದರೆ ಯಾಕೆ ಎಂಬುದನ್ನೂ ಹೇಳಿದೆ. ಬಾಯಿಬಡುಕಿ ಎಂದು ಕರೆಸಿಕೊಂಡೆ.

ಅಲ್ಲಿಂದ ನೇರ ಸಾಬರ ಮನೆಗೆ ಹೋದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲ ಹತ್ತಿರ, ಗೋಣಿ ಹೊದಿಸಿದ ಚಕ್ರದ ಪಕ್ಕ ಕೂತಿದ್ದರು.

"ಅಷ್ಟು ಹೊಗೆ ಬಂತಲ್ಲ ಗಂಗವ್ವ, ಸೊಪ್ಪು ಸುಟ್ಟೆಯಾ?"

"ಗಿಡಾನೇ ಸುಟ್ಟೆ. ಬೇರುಸಮೇತ, ಎಲ್ಲಾ."

ಅವರು ಹೊಗೆ ಬಂದ ಕಡೆ ತಿರುಗಿ ನೋಡಿದರು.

"ಬಾವಿ ಹತ್ರದ್ದು?"

"ಅದೂ."

ಬುಡನ್ ಸಾಬರು ಎರಡೂ ಕೈ ಎತ್ತಿ, ಎಂದಿನಂತೆ, ಗಾಳಿಯಲ್ಲಿ ಆ ಗಿಡದ ಗುಂಡನ್ನು ಹಿಡಿಯಲು ನೋಡಿದರು. ಕೈ ನಡುಗುತ್ತಿತ್ತು. ಗುಂಡಾಗಲಿಲ್ಲ.